ಸಿಮೆಂಟ್ ಬರುವವರೆಗೆ

ನನ್ನ ಯಜಮಾನರು ತುರುವೇಕೆರೆಯ ಕ್ರೈಸ್ತ ಸಭೆಗೆ ಪಾಲಕರಾಗಿ ಬಂದು ಮೂರು ನಾಲ್ಕು ವರ್ಷ ಕಳೆದಿತ್ತು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಸಭೆ ಅಂದರೆ ಏಳೆಂಟು ಕುಟುಂಬ, ಅಷ್ಟೆ. ದೇವಾಲಯದ ಕಟ್ಟಡ ಇರಲಿಲ್ಲ. ಭಾನುವಾರದ ಆರಾಧನೆ ನಮ್ಮ ನಡುಮನೆಯಲ್ಲೇ, ಚಾಪೆ ಹಾಸಿ. ಆ ಮನೆಯೂ ನಮ್ಮದಲ್ಲ. ಕೊಬ್ಬರಿ ವ್ಯಾಪಾರದ ಲಿಂಗಾಯತರ ದೊಡ್ಡ ಹೆಂಚಿನ ಮನೆಯ ಒಂದು ಪಕ್ಕ ನಮಗೆ ಬಾಡಿಗೆಗೆ ಸಿಕ್ಕಿತ್ತು. ನಮ್ಮ ತಲೆಯ ಮೇಲಿನ ಅಟ್ಟ ಮಾತ್ರ ಅವರದೇ. ಅಲ್ಲಿ ವರ್ಷದ ತೆಂಗಿನಕಾಯಿ ಕೊಬ್ಬರಿಯಾಗಲು ಒಣಗುತ್ತಾ ಬಿದ್ದಿರುತ್ತಿತ್ತು. ಇಲಿ ಓಡಾಡಿದರೆ ಕಾಯಿ ಗಡಗಡ ಉರುಳುತ್ತಿದ್ದವು.

ಒಂದು ಸಂಜೆ ಯಜಮಾನರು ಸೈಕಲ್ ಇಳಿಯುತ್ತಲೇ ಹೇಳಿದರು: "ಕೆನಡಾದಿಂದ ಇಬ್ಬರು ಬರ್ತಾರಂತೆ ಕಣೇ. ಗಂಡ ಹೆಂಡತಿ. ಆರು ವಾರ ನಮ್ಮಲ್ಲೇ ಇದ್ದು ನಮ್ಮ ಸೈಟಿನಲ್ಲಿ ಒಂದು ಕೋಣೆ ಕಟ್ಟಿಕೊಡ್ತಾರಂತೆ. ಅವರೇ ಕೈಯಾರೆ ಕಟ್ಟೋದು!"

ಸಭೆಗೆ ಅಂತ ಊರಾಚೆ ಒಂದು ಖಾಲಿ ಸೈಟು ಇತ್ತು. ಅಲ್ಲಿ ಒಂದು ಕೋಣೆ ಆದರೆ ಹೆಂಗಸರಿಗೆ ಹೊಲಿಗೆ ಕಲಿಸಬಹುದು, ವಾರಕ್ಕೊಮ್ಮೆ ನಮ್ಮ ಸಭೆಯ ನರ್ಸಮ್ಮ ಬಂದು ಮದ್ದು ಕೊಡಬಹುದು ಅಂತ ಇವರು ಬಹಳ ದಿನದಿಂದ ಆಸೆ ಇಟ್ಟುಕೊಂಡಿದ್ದರು. ನನ್ನ ಮನಸ್ಸು ಮಾತ್ರ ಬೇರೆ ಕಡೆ ಓಡಿತು.

"ಅವರು ಎಲ್ಲಿಗೆ ಹೋಗ್ತಾರೆ?" ಅಂದೆ.

"ಎಲ್ಲಾ ಕಡೆ ಹೋಗ್ತಾರೆ. ಮಾಯಸಂದ್ರಕ್ಕೆ ಕರ್ಕೊಂಡು ಹೋಗ್ಬೇಕು. ಶೆಟ್ಟಿಕೆರೇಲಿ ನಮ್ಮೋರ ಮನೆ ಇವೆಯಲ್ಲ, ಅಲ್ಲಿಗೂ..."

"ಅದಲ್ಲ ರೀ. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತಾರೆ?"

ಸೈಕಲ್ ಸ್ಟ್ಯಾಂಡ್ ಹಾಕುತ್ತಿದ್ದವರು ಹಾಗೇ ನಿಂತರು.

ನಾನು ಬೆಳೆದದ್ದು ತುಮಕೂರಿನ ಮಿಶನ್ ಬೋರ್ಡಿಂಗಿನಲ್ಲಿ. ಅಲ್ಲಿ ಸಾಲಾಗಿ ತಗಡಿನ ಬಾಗಿಲಿನ ಕಕ್ಕಸುಗಳಿದ್ದವು. ಮದುವೆಯಾಗಿ ಈ ಮನೆಗೆ ಬಂದ ಮೊದಲ ಸಂಜೆ, ಮನೆ ಮಾಲೀಕರ ಹೆಂಡತಿ ಕೈಯಲ್ಲಿ ಚೊಂಬು ಹಿಡಿದು ಬಂದು, "ಬನ್ನಿ ಅಮ್ಮೋರೆ, ಹೋಗ್ಬರಾನ" ಅಂದಾಗ ಎಲ್ಲಿಗೆ ಅಂತ ಕೇಳಿದ್ದೆ. ಅವರು ನಕ್ಕಿದ್ದರು. ಅಂದಿನಿಂದ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆ. ಬೆಳಕು ಹರಿಯುವ ಮೊದಲು ಒಂದು ಸಲ, ಕತ್ತಲಾದ ಮೇಲೆ ಒಂದು ಸಲ, ಇಬ್ಬರೂ ಮನೆ ಹಿಂದಿನ ತೆಂಗಿನ ತೋಟಕ್ಕೆ. ನಡುವಿನ ಇಡೀ ಹಗಲು ಹೇಗೋ ತಡೆದುಕೊಳ್ಳಬೇಕು. ಊಟವಾದ ಮೇಲೆ ನಾನು ನೀರು ಕುಡಿಯುತ್ತಿರಲಿಲ್ಲ. ಭಾನುವಾರ ಇವರ ಪ್ರಸಂಗ ಉದ್ದವಾಯಿತೆಂದರೆ ಕೂತಲ್ಲೇ ಮಗ್ಗುಲು ಬದಲಿಸುತ್ತಾ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಪಾದ್ರಿಗಳ ಹೆಂಡತಿಗೆ ಎಷ್ಟು ಭಕ್ತಿ ಅಂತ ಯಾರಾದರೂ ಅಂದುಕೊಂಡಿದ್ದರೆ ಅದಕ್ಕೆ ನಾನು ಹೊಣೆಯಲ್ಲ.

ಹಿತ್ತಿಲಿನಲ್ಲಿ ಒಂದು ಕಕ್ಕಸು ಕಟ್ಟಿಸಿಕೊಳ್ಳೋಣ, ಮಾಲೀಕರನ್ನು ಕೇಳಿ ಅಂತ ಇವರಿಗೆ ಎಷ್ಟೋ ಸಲ ಹೇಳಿದ್ದೆ. "ಮಡಿ ಪೂಜೆ ಮಾಡೋ ಮನೆ ಕಣೇ. ಆ ಮಾತು ಎತ್ತಿದ್ರೆ ಮನೇನೇ ಬಿಡ್ಸಿದ್ರೆ ಏನ್ ಮಾಡ್ತೀಯ?" ಅನ್ನುತ್ತಿದ್ದರು. ಮಾಲೀಕರ ತಾಯಿ, ಎಲ್ಲರೂ ಅವ್ವ ಅನ್ನುತ್ತಿದ್ದ ಮುದುಕಿ, ಎದೆಯ ಮೇಲೆ ಲಿಂಗದ ಬೆಳ್ಳಿ ಕರಡಿಗೆ, ಕೈಯಲ್ಲಿ ಊರುಗೋಲು. ಆಕೆಯ ಮಾತು ಮೀರುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ನನಗೂ ಭಯವೇ.

ಕೊನೆಗೆ ಇವರು, ಅತಿಥಿಗಳು ಇರುವ ಆರು ವಾರಕ್ಕೆ ಮಾತ್ರ ಅಂತ ಮಾಲೀಕರಿಗೆ ಹೇಳಿ, ತೋಟದಲ್ಲಿ, ಮನೆಯಿಂದ ಸ್ವಲ್ಪ ದೂರಕ್ಕೆ ಒಂದು ಗುಂಡಿ ತೆಗೆಸಿ, ನಾಲ್ಕು ಗೂಟ ನೆಟ್ಟು, ಸುತ್ತ ತೆಂಗಿನ ಗರಿಯ ತಟ್ಟಿ ಕಟ್ಟಿಸಿದರು. ಹೊರಗೆ ನೀರಿನ ಕೊಳಗ, ಒಳಗೆ ಒಂದು ಕುರ್ಚಿ. ಕುರ್ಚಿಯ ನಡುವೆ ತೂತು ಹಾಕಿಕೊಡು ಅಂದಾಗ ಬಡಗಿ, "ಒಳ್ಳೆ ಕುರ್ಚಿ ಯಾಕ್ ಸ್ವಾಮಿ ಆಳ್ಮಾಡ್ತೀರ?" ಅಂತ ಮೂರು ಸಲ ಕೇಳಿ, ಕಾರಣ ತಿಳಿದ ಮೇಲೆ ತಾನೇ ಅದನ್ನು ತಲೆಯ ಮೇಲೆ ಹೊತ್ತು ಪೇಟೆಯ ಉದ್ದಕ್ಕೂ ಕೇಳಿದವರಿಗೆಲ್ಲ ವಿವರಿಸುತ್ತಾ ತಂದು ಕೊಟ್ಟ. ಹೀಗಾಗಿ ಅತಿಥಿಗಳು ಬರುವ ಮೊದಲೇ ಅವರು ಎಲ್ಲಿ ಕೂರುತ್ತಾರೆ ಅನ್ನುವುದು ಊರಿಗೆಲ್ಲ ಗೊತ್ತಾಗಿತ್ತು.

ಅವರು ಬಂದರು. ತಿಪಟೂರಿಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ. ಆತ ಅರವತ್ತು ದಾಟಿದ ಎತ್ತರದ ಆಳು, ಜೀವಮಾನವೆಲ್ಲ ಮನೆ ಕಟ್ಟುವ ಕೆಲಸ ಮಾಡಿದವರು. ಆಕೆ ತಮ್ಮೂರಿನ ಶಾಲೆಯ ಬಸ್ಸು ಓಡಿಸುತ್ತಿದ್ದವರು. ಅವ್ವ ಇಬ್ಬರಿಗೂ ದೊರೆ, ದೊರೆಸಾನಿ ಅಂತ ಹೆಸರಿಟ್ಟುಬಿಟ್ಟರು. ಹೆಂಗಸು ಬಸ್ಸು ಓಡಿಸುತ್ತಾಳೆ ಅನ್ನುವುದನ್ನು ಮಾತ್ರ ಅವ್ವ ಕೊನೆಯವರೆಗೂ ನಂಬಲಿಲ್ಲ.

ದೊರೆ ತಮ್ಮ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹೆಚ್ಚಾಗಿ ಕರಣಿ, ರಸಮಟ್ಟ, ಸುತ್ತಿಗೆ ತಂದಿದ್ದರು. ಬಂದ ಮಾರನೆಯ ದಿನವೇ ಬೆಳಿಗ್ಗೆ ತೋಳು ಮಡಚಿ ನಿಂತು, "ಸಿಮೆಂಟ್ ಎಲ್ಲಿದೆ?" ಅಂದರು.

ಸಿಮೆಂಟಿಗೆ ಆಗ ಪರ್ಮಿಟ್ ಬೇಕಾಗಿತ್ತು. ಅರ್ಜಿ ಹಾಕಿ ತಿಂಗಳುಗಳೇ ಆಗಿದ್ದವು. ಇವರು ದೊರೆಯನ್ನು ಕರೆದುಕೊಂಡು ಕಚೇರಿಗೆ ಹೋದರು. ನಾಳೆ ಬನ್ನಿ ಅಂದರಂತೆ. ಮಾರನೆಯ ದಿನ ಹೋದರು. ಅದರ ಮಾರನೆಯ ದಿನವೂ ಹೋದರು. ದೊರೆ ಕಲಿತ ಮೊದಲ ಕನ್ನಡ ಪದ "ನಾಳೆ". ಅದನ್ನು ಅವರು ಎಷ್ಟು ಸ್ಪಷ್ಟವಾಗಿ ಉಚ್ಚರಿಸುತ್ತಿದ್ದರೆಂದರೆ ನನಗೆ ಕೇಳಿದಾಗಲೆಲ್ಲ ನಾಚಿಕೆಯಾಗುತ್ತಿತ್ತು.

ಕೂತು ಗೊತ್ತಿಲ್ಲದ ಮನುಷ್ಯ. ಆರು ವಾರಕ್ಕೆ ಅಂತ ಬಂದವರಿಗೆ ಒಂದೊಂದು ದಿನ ಹೋಗುವುದೂ ಕೈಯಿಂದ ಏನೋ ಜಾರಿದ ಹಾಗೆ. ಜಗುಲಿಯ ಈ ತುದಿಯಿಂದ ಆ ತುದಿಗೆ ನಡೆಯುವರು. ಒಳಗೆ ಬರುವಾಗ ಬಾಗಿಲುವಾಡಕ್ಕೆ ಹಣೆ ಬಡಿಸಿಕೊಳ್ಳುವರು. ಆಮೇಲೆ ರಸಮಟ್ಟ ತಂದು ನಮ್ಮ ಕಿಟಕಿಯ ಮೇಲಿಟ್ಟು ನೋಡುವರು, ತಲೆ ಆಡಿಸುವರು. ಗೂಡಿನ ಮೇಲಿಟ್ಟು ನೋಡುವರು, ತಲೆ ಆಡಿಸುವರು. ನಮ್ಮ ಮನೆಯಲ್ಲಿ ಒಂದೂ ವಸ್ತು ನೆಟ್ಟಗಿಲ್ಲ ಅನ್ನುವುದು ಅವರು ಬರುವವರೆಗೆ ನನಗೆ ಗೊತ್ತಿರಲಿಲ್ಲ. ಕಾಲು ಕುಂಟುವ ಮೇಜನ್ನು ಸರಿಮಾಡಿದರು. ಕಿರುಗುಟ್ಟುವ ಬಾಗಿಲನ್ನು ಸರಿಮಾಡಿದರು. ನಮ್ಮಲ್ಲಿ ಕೆಲಸ ಮುಗಿದ ಮೇಲೆ ಮಾಲೀಕರ ಕಡೆಗೆ ಹೋಗಿ ಕೊಟ್ಟಿಗೆಯ ಗೇಟು, ಕೋಳಿ ಗೂಡು ಎಲ್ಲ ಬಿಚ್ಚಿ ಕಟ್ಟಿದರು. ನನಗೂ ಅವರ ಚಡಪಡಿಕೆ ಅಂಟಿತು. ಅವರು ಜಗುಲಿಯಲ್ಲಿ ನಡೆದಾಡುವಾಗ ನಾನು ಒಳಗೆ ಕೂರಲಾರದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ದೊರೆಸಾನಿಯ ಕಷ್ಟ ಬೇರೆ. ಅವರನ್ನು ನೋಡಲು ಬೆಳಗಿನಿಂದ ಹೆಂಗಸರು ಬರುವರು. ಬಂದವರು ಕೂತು ನೋಡುವರು. ನೋಡಿ ಆದ ಮೇಲೂ ಕೂತಿರುವರು. ತೋಟದ ಕಡೆ ಹೊರಟರೆ ದಾರಿಯಲ್ಲಿ ಕಂಡವರೆಲ್ಲ ಮರ್ಯಾದೆಯಿಂದ, "ಎಲ್ಲಿಗ್ ಹೊಂಟ್ರಿ ಅಮ್ಮಾ?" ಅಂತ ಕೇಳುವರು. ಅದು ಬರೀ ಮಾತಾಡಿಸುವ ರೀತಿ ಅಂತ ಅವರಿಗೆ ತಿಳಿಯದು. ನಿಂತು, ಏನು ಉತ್ತರ ಕೊಡಬೇಕು ಅಂತ ಒದ್ದಾಡಿ, ಕೆಂಪಾಗಿ, ಕೊನೆಗೆ ಇವರು ಹೇಳಿಕೊಟ್ಟಿದ್ದ ಒಂದೇ ಮಾತು, "ಚೆನ್ನಾಗಿದೆ" ಅಂದು ಮುಂದೆ ಹೋಗುವರು.

ಹಾಗಿರುವಾಗ ಒಂದು ಬೆಳಿಗ್ಗೆ, ಬಿಸಿಲೇರುವ ಹೊತ್ತಿನಲ್ಲಿ, ಅವರು ತಟ್ಟಿಯೊಳಗೆ ಹೋಗಿ ಸ್ವಲ್ಪ ಹೊತ್ತಾಗಿತ್ತು. ಎಲ್ಲೋ ಆಕಾಶದಿಂದ ಒಂದು ಗಂಡು ದನಿ ಕೇಳಿತು.

"ದೊರೆಸಾನಮ್ಮಾ, ವಸಿ ಈಚೆಗ್ ಬನ್ನಿ! ಕಾಯಿ ಬೀಳ್ತವೆ!"

ಕಾಯಿ ಕೀಳಲು ಬಂದವನು ಮರದ ತುದಿಯಲ್ಲಿದ್ದ. ತಟ್ಟಿಯ ನಾಲ್ಕು ಕಡೆಯೂ ಭದ್ರವಾಗಿ ಮರೆ ಕಟ್ಟಿಸಿದ್ದರು ನಮ್ಮವರು. ಮೇಲೂ ಮರೆ ಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಆ ಬಡಪಾಯಿ ಎಷ್ಟೋ ಹೊತ್ತು ಬೇರೆ ಕಡೆ ಮುಖ ತಿರುಗಿಸಿಕೊಂಡು ಕಾದಿದ್ದನಂತೆ, ಕೈ ಸೋತ ಮೇಲೆ ಕೂಗಿದ್ದು. "ನಾನೇನೂ ನೋಡ್ನಿಲ್ಲ ಕಣ್ರವ್ವಾ" ಅಂತ ಆಮೇಲೆ ಒಂದು ವಾರ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಅವನ ಮರ್ಯಾದೆ ಉಳಿಯಿತು, ದೊರೆಸಾನಿಯದ್ದು ಮಾತ್ರ ಪೇಟೆಯ ಮಾತಾಯಿತು.

ದೊರೆಸಾನಿ ತಟ್ಟಿಯೊಳಗಿನಿಂದ ಓಡಿ ಬಂದವರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅತ್ತರೋ ಏನೋ ಅಂತ ಹೆದರಿ ನಾನು ಹೊರಗೆ ನಿಂತಿದ್ದೆ. ಅಕ್ಕ ಬಂದು ಕೇಳಿದರು:

"ಯಾಕ್ ಅಮ್ಮೋರೆ, ಆವಮ್ಮ ಒಳಗ್ ಸೇರ್ಕಂಡವ್ರೆ?"

ಹೇಳಿದೆ. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಗೋಡೆಗೆ ಒರಗಿದರು. ನಕ್ಕು ಸಾಕಾದ ಮೇಲೆ, "ನಾಳೆಯಿಂದ ನಮ್ ಜೊತೇಲೇ ಕರ್ಕಂಡ್ ಬನ್ನಿ ಬುಡಿ. ಕತ್ಲಲ್ಲಿ ಎಲ್ರೂ ಒಂದೇ ಬಣ್ಣ" ಅಂದರು.

ಅಂದಿನಿಂದ ನಾವು ಮೂವರಾದೆವು. ಬೆಳಗಿನ ಜಾವ ಅಕ್ಕ ಮುಂದೆ, ನಾನು ನಡುವೆ, ಹಿಂದೆ ಬೂಟು ಹಾಕಿಕೊಂಡು, ಟಾರ್ಚು ಹಿಡಿದು ದೊರೆಸಾನಿ. "ಬೆಳಕು ಆರ್ಸೋಕ್ ಹೇಳಿ, ಊರಿಗೆಲ್ಲ ಕಾಣ್ತದೆ" ಅಂತ ಅಕ್ಕ ಪಿಸುಗುಟ್ಟುವರು. ನಾನು ನನ್ನ ಬೋರ್ಡಿಂಗ್ ಇಂಗ್ಲಿಷಿನಲ್ಲಿ ಹೇಳುವೆ. ಅವರು ಆರಿಸುವರು, ಎಡವುವರು, ಮತ್ತೆ ಹಚ್ಚುವರು. ಹಗಲಿನಲ್ಲಿ ನನ್ನ ಹಾಗೆ ಅವರೂ ನೀರು ಕಡಿಮೆ ಮಾಡಿದರು. ಆದರೆ ನಮ್ಮ ಕಡೆ ಅತಿಥಿಗಳು ನೀರು ಕಡಿಮೆ ಮಾಡುವುದು ಸಾಧ್ಯವೇ?

ಮುಂದಿನ ವಾರ ಶೆಟ್ಟಿಕೆರೆಗೆ ಹೋದೆವು, ನಾವು ನಾಲ್ವರೂ. ಮೊದಲ ಮನೆಯಲ್ಲಿ ಕಾಲಿಟ್ಟ ಕೂಡಲೇ ಎಳನೀರು. ಸಣ್ಣದಲ್ಲ, ಎರಡು ಕೈಯಲ್ಲಿ ಹಿಡಿಯುವಂಥದ್ದು. ದೊರೆಸಾನಿ ಕಷ್ಟಪಟ್ಟು ಕುಡಿದು ಮುಗಿಸಿ, "ಚೆನ್ನಾಗಿದೆ" ಅಂದರು. ಅಂದ ತಕ್ಷಣ ಇನ್ನೊಂದು ಕೆತ್ತಿದರು. ನಾನು ಅವರ ಕಿವಿಯಲ್ಲಿ "ಸಾಕು" ಅನ್ನುವ ಪದ ಹೇಳಿಕೊಟ್ಟೆ. "ಸಾಕು" ಅಂದರು. ಮನೆಯವರು, "ಎಷ್ಟು ಚೆಂದ ಕನ್ನಡ ಮಾತಾಡ್ತಾರೆ ಕಣ್ರೀ!" ಅಂತ ಸಂತೋಷಪಟ್ಟು ಆ ಎರಡನೆಯದನ್ನೂ ಕೈಗೆ ಕೊಟ್ಟರು. ಪ್ರಾರ್ಥನೆ ಮುಗಿಸಿ ಎರಡನೇ ಮನೆಗೆ ಹೋದರೆ ಅಲ್ಲೂ ಎಳನೀರು. ಅಷ್ಟರಲ್ಲಿ ನೆರೆಮನೆಯವರು, ಸಭೆಗೆ ಸೇರದವರು ಕೂಡ, "ನಮ್ಮನೇದೂ ಒಂದು ಕುಡೀಬೇಕು, ಇಲ್ದಿದ್ರೆ ಬೇಜಾರಾಯ್ತದೆ" ಅಂತ ಬಾಗಿಲಲ್ಲಿ ನಿಂತಿದ್ದರು. ಪಾದ್ರಿಗಳ ಹೆಂಡತಿ ಅಂತ ನನಗೂ ಅದೇ ಉಪಚಾರ.

ಸಂಜೆಯ ಬಸ್ಸು ತಿಪಟೂರಿನ ದಾರಿ ಹಿಡಿದು ಸ್ವಲ್ಪ ದೂರ ಬಂದಿತ್ತು. ದೊರೆ ಎದ್ದು, ಛಾವಣಿಗೆ ತಲೆ ತಾಗದ ಹಾಗೆ ಬಗ್ಗಿಕೊಂಡೇ ಕಂಡಕ್ಟರ್ ಹತ್ತಿರ ಹೋಗಿ ಕಿರುಬೆರಳು ತೋರಿಸಿದರು. ಆ ಭಾಷೆಯನ್ನು ಅವರು ಯಾವಾಗ ಕಲಿತಿದ್ದರೋ. ಕಂಡಕ್ಟರ್ ಸೀಟಿ ಊದಿದ. ಬಸ್ಸು ನಿಂತಿತು. ದೊರೆ ಇಳಿದರು, ಅವರ ಹಿಂದೆ ನಮ್ಮವರು, ಅವರ ಹಿಂದೆ ಬಸ್ಸಿನಲ್ಲಿದ್ದ ಗಂಡಸರೆಲ್ಲ ಇಳಿದು ಬೇಲಿಯ ಉದ್ದಕ್ಕೂ ಸಾಲಾಗಿ ನಿಂತರು. ಹೆಂಗಸರೆಲ್ಲ ಸೀಟಿನಲ್ಲಿ ಕೂತು ಎದುರಿನ ಗಾಜು ನೋಡುತ್ತಿದ್ದೆವು.

ದೊರೆಸಾನಿ ನನ್ನ ಪಕ್ಕದಲ್ಲಿದ್ದರು. ಬ್ಯಾಗನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದರು. ಮೆಲ್ಲಗೆ ಕೇಳಿದರು:

"ನೀವೆಲ್ಲ ಏನು ಮಾಡ್ತೀರಿ?"

"ಕಾಯ್ತೀವಿ," ಅಂದೆ.

"ಎಲ್ಲಿಯವರೆಗೆ?"

"ಕತ್ತಲಾಗೋವರೆಗೆ."

ಅವರು ನನ್ನ ಮುಖ ನೋಡಿದರು. ಬಸ್ಸಿನ ಹೆಂಗಸರನ್ನೆಲ್ಲ ತಿರುಗಿ ನೋಡಿದರು, ಒಬ್ಬೊಬ್ಬರನ್ನೂ. ಬಸುರಿಯೊಬ್ಬಳಿದ್ದಳು, ಮಗು ಎತ್ತಿಕೊಂಡವಳಿದ್ದಳು. ಇದ್ದಕ್ಕಿದ್ದಂತೆ ಅವರಿಗೆ ನಗು ಬಂತು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಆಮೇಲೆ ಅವರೇ ನನ್ನ ಮಂಡಿ ಬಿಗಿಯಾಗಿ ಹಿಡಿದು, "ಬೇಡ, ನಗಬೇಡ, ನಕ್ಕರೆ ಅಪಾಯ" ಅಂದರು. ಅಲ್ಲಿಂದ ತುರುವೇಕೆರೆ ಮುಟ್ಟುವವರೆಗೆ ಇಬ್ಬರೂ ಒಂದು ಮಾತಾಡಲಿಲ್ಲ. ರಸ್ತೆಯಲ್ಲಿದ್ದ ಗುಂಡಿಗಳನ್ನೆಲ್ಲ ಬಸ್ಸು ಹುಡುಕಿ ಹುಡುಕಿ ಇಳಿಯುತ್ತಿತ್ತು. ಬಸ್ಸು ಓಡಿಸಿ ರೂಢಿಯಾದ ಆಕೆ, ಡ್ರೈವರ್ ಬ್ರೇಕು ಹಾಕುವ ಮೊದಲೇ ತಮ್ಮ ಕಾಲು ನೆಲಕ್ಕೆ ಒತ್ತುತ್ತಿದ್ದರು.

ಆಕೆ ಗಂಡನಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ. ಬೆಳಿಗ್ಗೆ ನಾನು ಒಲೆ ಹಚ್ಚುವಾಗ ಹಿತ್ತಿಲಿನಿಂದ ಪಿಕಾಸಿಯ ಸದ್ದು ಕೇಳಿತು. ದೊರೆ ಅಂಗಿ ಬಿಚ್ಚಿ ಅಗೆಯುತ್ತಿದ್ದರು. ನಮ್ಮವರು ಹೋಗಿ ಕೇಳಿದರೆ, "ತಟ್ಟಿ ನಮಗಷ್ಟೇ ಅಲ್ಲ, ಎಲ್ಲರಿಗೂ ಅಂದುಕೊಂಡಿದ್ದೆ. ನಿಮ್ಮ ಹೆಂಡತಿಗೆ ಇಷ್ಟು ವರ್ಷ ಏನೂ ಇರಲಿಲ್ಲವಂತೆ. ನನಗ್ಯಾಕೆ ಹೇಳಲಿಲ್ಲ? ಇದಕ್ಕೆ ಸಿಮೆಂಟ್ ಬೇಡ," ಅಂದರಂತೆ. ಇವರ ಮುಖ ಸಣ್ಣದಾಗಿತ್ತು. ನನಗೆ ಒಂದು ಕಡೆ ಸಂತೋಷ, ಇನ್ನೊಂದು ಕಡೆ ಹೆದರಿಕೆ. ಮಾಲೀಕರನ್ನು ಕೇಳಿಲ್ಲ, ಬಿಟ್ಟಿಲ್ಲ, ಅವರ ಹಿತ್ತಿಲನ್ನೇ ಅಗೆಯುತ್ತಿದ್ದಾರಲ್ಲ!

ಹೆದರಿದ ಹಾಗೇ ಆಯಿತು. ಊರುಗೋಲಿನ ಟಕಟಕ ಕೇಳಿತು.

"ಏನ್ ಮಾಡ್ತಾವ್ನೆ ಆ ಮನ್ಸ, ನನ್ ತೆಂಗಿನ್ ಬುಡದಲ್ಲಿ?" ಅವ್ವನ ದನಿಗೆ ಕೋಳಿಗಳೆಲ್ಲ ಚೆದುರಿದವು.

ದೊರೆ ಅಗೆದದ್ದು ಒಂದು ಫಲ ಬಿಡುವ ಮರದ ಪಕ್ಕದಲ್ಲಿ. ಬೇರು ಕಡಿದು ರಾಶಿ ಹಾಕಿದ್ದರು. ಅವ್ವ ಆ ಬೇರುಗಳನ್ನು ಎತ್ತಿ ಎತ್ತಿ ತೋರಿಸುತ್ತಾ, "ನನ್ ಗಂಡ ಮಡಕೇಲಿ ನೀರ್ ಹೊತ್ತು ಬೆಳ್ಸಿದ್ ಮರ ಕಣಪ್ಪ ಇದು. ಮಗೀನ್ ಕಾಲ್ ಕಡ್ದಂಗ್ ಕಡ್ದಿದೀಯಲ್ಲಪ್ಪ!" ಅಂತ ಬೈದರು. ದೊರೆಗೆ ಒಂದಕ್ಷರ ತಿಳಿಯದಿದ್ದರೂ ಪಿಕಾಸಿ ಕೆಳಗಿಟ್ಟು, ತಲೆ ತಗ್ಗಿಸಿ ನಿಂತರು. ನಮ್ಮವರು ಕೈ ಮುಗಿದು, "ತಪ್ಪಾಯ್ತು ಅವ್ವ, ಮುಚ್ಚಿಸ್ಬುಡ್ತೀನಿ" ಅಂದರು.

"ಇಷ್ಟ್ಕೂ ಯಾತಕ್ಕೆ ಈ ಗುಂಡಿ?"

ನಮ್ಮವರು ಗಂಟಲು ಸರಿಮಾಡಿಕೊಂಡರು. ನನಗೆ ಎಲ್ಲಿಂದ ಧೈರ್ಯ ಬಂತೋ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಮುಂದೆ ಬಂದು, "ಕಕ್ಕಸಿಗೆ, ಅವ್ವ" ಅಂದುಬಿಟ್ಟೆ.

ಅವ್ವ ನನ್ನನ್ನು ನೋಡಿದರು. ಬಾವಿಯ ಕಡೆ ನೋಡಿದರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಸೆರಗು ಹಿಡಿದು ನೋಡಿದ ಹಾಗಿತ್ತು. ಆಮೇಲೆ ಊರುಗೋಲು ಊರುತ್ತಾ ಕೊಟ್ಟಿಗೆ ದಾಟಿ, ತಿಪ್ಪೆಯ ಆಚೆ, ಬೇಲಿಯ ಮೂಲೆಗೆ ಹೋಗಿ ನಿಂತು ನೆಲ ಕುಟ್ಟಿದರು.

"ಇಲ್ ತೋಡಿ. ಬಾವಿಗೂ ದೂರ, ದೇವ್ರ ಮನೆಗೂ ದೂರ. ಬಾಗ್ಲು ಬೇಲಿ ಕಡೀಕ್ ಇರ್ಲಿ. ಬೀಗ ಹಾಕ್ಸಿ. ಒಂದ್ ಬೀಗದ್ ಕೈ ನಮ್ಮನೇಗೂ ಕೊಡ್ಬೇಕು."

ಅಕ್ಕ ನನ್ನ ಹಿಂದೆ ಬಂದು ನಿಂತಿದ್ದರು. ನನ್ನ ಬೆನ್ನಿಗೆ ಚುಚ್ಚಿದರು.

"ಮಂಡಿ ನೋವು ಕಣಮ್ಮ," ಅಂತ ಅವ್ವ ಹೋಗುವಾಗ ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದರು. "ತೋಟ್ಕೆ ಹೋಗಿ ಬರಾದು ನಂಗೇನ್ ಸುಲ್ಭವಾ? ಮಗಂಗ್ ಹೇಳಾಕಾಯ್ತದಾ? ನೀವು ಓದಿದೋರು, ಇಷ್ಟ್ ದಿನ ಯಾಕ್ ಕೇಳ್ನಿಲ್ಲ?"

ಆಮೇಲೆ ಕೆಲಸ ನಿಲ್ಲಲಿಲ್ಲ. ಗುಂಡಿ ತೋಡಿದ್ದು, ಮಾಲೀಕರು ಗಾಡಿಯಲ್ಲಿ ಕಲ್ಲು ಚಪ್ಪಡಿ ತರಿಸಿಕೊಟ್ಟದ್ದು, ಮಣ್ಣಿನ ಗಾರೆಯಲ್ಲಿ ಗೋಡೆ ಎತ್ತಿದ್ದು, ಎಲ್ಲ ನಮ್ಮ ಕಣ್ಣೆದುರೇ. ದೊರೆ ಪ್ರತಿ ಸಾಲಿಗೂ ರಸಮಟ್ಟ ಇಟ್ಟು ನೋಡಿದರು. ಮೇಲೆ ಹೆಂಚಿನ ಮಾಡು ಹಾಕುವಾಗ ದೊರೆಸಾನಿ ಒಳಗೆ ನಿಂತು ಮೇಲಕ್ಕೆ ನೋಡಿ, ಒಂದು ಚೂರು ಆಕಾಶವೂ ಕಾಣುವುದಿಲ್ಲ ಅಂತ ಖಾತ್ರಿ ಮಾಡಿಕೊಂಡರು. ನಮ್ಮೂರಿನಲ್ಲಿ ಅಷ್ಟು ನೆಟ್ಟಗಿನ ಗೋಡೆ ಇನ್ನೊಂದಿತ್ತೋ ಇಲ್ಲವೋ. ನೋಡಲು ಬಂದ ಹೆಂಗಸರು ಈಗ ದೊರೆಸಾನಿಯನ್ನು ಬಿಟ್ಟು ಇದನ್ನು ನೋಡತೊಡಗಿದರು. ಆಕೆಗೂ ಆಗ ಸ್ವಲ್ಪ ಉಸಿರಾಡಲು ಬಿಡುವು ಸಿಕ್ಕಿತು.

ಪರ್ಮಿಟ್ ಬಂದದ್ದು ಅವರು ಹೊರಡುವ ವಾರದಲ್ಲಿ. ದೊರೆ ಸೈಟಿಗೆ ಓಡಿದರು. ಪಾಯ ಹಾಕುವಷ್ಟು ಹೊತ್ತು ಮಾತ್ರ ಉಳಿದಿತ್ತು, ಹಾಕಿದರು. ಮಿಕ್ಕದ್ದನ್ನು ನಮ್ಮೂರಿನ ಮೇಸ್ತ್ರಿ ನಿಧಾನವಾಗಿ ಕಟ್ಟಿ ಮುಗಿಸಿದ, ಆಮೇಲೆ ಅಲ್ಲಿ ಹೊಲಿಗೆಯೂ ನಡೆಯಿತು, ಮದ್ದೂ ಕೊಟ್ಟರು. ವರ್ಷದ ವರದಿ ಬರೆಯಲು ಕೂತ ನಮ್ಮವರು ಪೆನ್ನು ಕಚ್ಚುತ್ತಾ, "ಅತಿಥಿಗಳು ಕಟ್ಟಿಕೊಟ್ಟದ್ದು ಏನು ಅಂತ ಬರೀಲಿ?" ಅಂದರು. "ಕಕ್ಕಸು ಅಂತ ಬರೀರಿ" ಅಂದೆ. ಅವರು "ಆರೋಗ್ಯ ಸಂಬಂಧಿ ಕಟ್ಟಡ ಒಂದು" ಅಂತ ಬರೆದರು.

ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ದೊರೆಸಾನಿ ನನ್ನನ್ನು ತಬ್ಬಿಕೊಂಡರು. ಅಷ್ಟು ಜನರೆದುರು ನನಗೆ ಮುಜುಗರ. ಅವರೂ ಅಳುತ್ತಿದ್ದರು, ಆದರೂ ಬಸ್ಸು ಹತ್ತಲು ಅವಸರ ಪಡುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು. ತಮ್ಮ ಮನೆ, ತಮ್ಮ ಹಾಸಿಗೆ, ಯಾರೂ ನೋಡದ ಒಂದು ಕೋಣೆ ಅವರನ್ನು ಎಳೆಯುತ್ತಿತ್ತು. ಅದಕ್ಕೆ ನನಗೆ ಬೇಸರವಾಗಲಿಲ್ಲ.

ಬೇಸರವಾದದ್ದು ಬೇರೆಯದಕ್ಕೆ. ಹೊಸ ಕಕ್ಕಸು ಬಂದ ಮೇಲೆ ನಾನು ಬೆಳಗಿನ ಜಾವ ಏಳಬೇಕಾಗಿರಲಿಲ್ಲ. ಅಕ್ಕನೂ ತಮ್ಮ ಬೀಗದ ಕೈ ತೆಗೆದುಕೊಂಡು ತಮ್ಮ ಹೊತ್ತಿಗೆ ಹೋಗಿ ಬರುವರು. ಆದರೂ ಎಚ್ಚರವಾಗುತ್ತಿತ್ತು. ಹಾಸಿಗೆಯಲ್ಲಿ ಹೊರಳಾಡುತ್ತಿದ್ದೆ. ಆ ಕತ್ತಲ ದಾರಿಯಲ್ಲಿ ಅಕ್ಕ ತಮ್ಮ ಅತ್ತೆಯ ಮೇಲೆ, ಗಂಡನ ಮೇಲೆ, ತವರಿನ ಮೇಲೆ ಹೇಳಿಕೊಳ್ಳುತ್ತಿದ್ದದ್ದು, ನಾನು ಹೇಳಿಕೊಳ್ಳುತ್ತಿದ್ದದ್ದು, ಅದೆಲ್ಲ ನಿಂತುಹೋಗಿತ್ತು. ಹಗಲಿನಲ್ಲಿ ಎದುರು ಸಿಕ್ಕರೆ, "ಊಟ ಆಯ್ತಾ?" "ಆಯ್ತು" ಅಷ್ಟೇ. ಎರಡು ಮನೆಯ ಹೆಂಗಸರು ಕಾರಣವಿಲ್ಲದೆ ಕೂತು ಮಾತಾಡುವುದಕ್ಕೆ ಹೊತ್ತೆಲ್ಲಿತ್ತು?

ಹೀಗೇ ಒಂದು ತಿಂಗಳು ಹೋದ ಮೇಲೆ, ಒಂದು ಮಧ್ಯಾಹ್ನ ಅಕ್ಕ ನಮ್ಮ ಬಾಗಿಲಿಗೆ ಬಂದರು. ಕಂಕುಳಲ್ಲಿ ಮೊರ, ಮೊರದ ತುಂಬ ಅವರೆಕಾಯಿ.

"ಒಬ್ಳೇ ಬಿಡಿಸಾಕ್ ಆಗ್ತಿಲ್ಲ ಅಮ್ಮೋರೆ. ಕೈ ಹಾಕ್ತೀರಾ?"

ಅವರ ಮನೆಯಲ್ಲಿ ಕೈ ಹಾಕುವವರಿಗೆ ಬರವಿರಲಿಲ್ಲ. ನಾನು ಏನೂ ಕೇಳದೆ ಜಗುಲಿಯ ಮೇಲೆ ಜಾಗ ಮಾಡಿಕೊಟ್ಟೆ. ಅಕ್ಕ ಕೂತು, ಮೊದಲ ಕಾಯಿ ಬಿಡಿಸುವ ಮುಂಚೆಯೇ ದನಿ ತಗ್ಗಿಸಿ, "ನಿಮ್ಗೊಂದ್ ವಿಷ್ಯ ಗೊತ್ತಾ?" ಅಂತ ಶುರುಮಾಡಿದರು.